65 ವ್ಯಾಟ್‌ಗೆ ನೀರು ಯಾಕೆ ಗುರು?

ಎಸ್.ಪಿ. ರೋಡಿಗೆ ಹೊರಡೋ ಮುಂಚೆ ಇದನ್ನ ಓದಿ.

ರೈಜೆನ್ 5 5600 ಇಟ್ಕೊಂಡು "ಬಿಸಿಯಾಗ್ತಿದೆ, ಲಿಕ್ವಿಡ್ ಕೂಲರ್ ಬೇಕು" ಅಂತ ಮನೇಲಿ ದುಡ್ಡು ಕೇಳ್ತಿದ್ದೀರಲ್ಲ, ಆ ಚಿಪ್ಪಿನ ಟಿಡಿಪಿ ಬರೀ 65 ವ್ಯಾಟ್. ಎಎಂಡಿ ಹೇಳಿರೋ ಗರಿಷ್ಠ ತಾಪಮಾನ 90 ಡಿಗ್ರಿ. ಗೇಮಲ್ಲಿ 75 ತೋರಿಸಿದ್ರೆ ಗಾಬರಿ ಯಾಕೆ?

90 ಮುಟ್ಟಿ ಸ್ಪೀಡ್ ಇಳೀತಿದ್ಯಾ? ಮೊದಲು ಧೂಳು ತೆಗೀರಿ. ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಿ. ಆಗಲೂ ಇಳೀದಿದ್ರೆ 120 ಎಂಎಂ ಫ್ಯಾನಿನ ಟವರ್ ಕೂಲರ್ ಸಾಕು. ಕ್ಯಾಬಿನೆಟ್ಟಿಗೆ ಅದರ ಎತ್ತರ ಹಿಡಿಸುತ್ತಾ ಅಂತ ಮಾತ್ರ ಮೊದಲೇ ನೋಡ್ಕೊಳ್ಳಿ.

ಲಿಕ್ವಿಡ್ ಕೂಲರಲ್ಲೂ ಕೊನೆಗೆ ಶಾಖ ಹೊರಹಾಕೋದು ಫ್ಯಾನಿನ ಗಾಳೀನೇ. ಅದರ ಪಂಪ್ ಕೆಟ್ರೆ ಇಡೀ ಕೂಲರ್ ಮೂಲೆಗೆ. ಟವರಲ್ಲಿ ಕೆಡೋದು ಫ್ಯಾನ್ ಒಂದೇ, ಬದಲಾಯಿಸಿದ್ರೆ ಆಯ್ತು. ದಿನವಿಡೀ ರೆಂಡರ್ ಮಾಡೋ ರೈಜೆನ್ 9 ಇದ್ರೆ ಲೆಕ್ಕ ಬೇರೆ. ನಿಮ್ಮ ಹತ್ರ ಅದಿದ್ಯಾ?

ಎಎಂ4 ಬೋರ್ಡಿನವರೇ, ಹಳೇ ಕೂಲರನ್ನ ಜಗ್ಗಿ ಕೀಳಬೇಡಿ. ಪೇಸ್ಟಿಗೆ ಅಂಟಿ ಪ್ರೊಸೆಸರೇ ಕಿತ್ಕೊಂಡು ಬಂದು ಪಿನ್ ಬಾಗಬಹುದು. 10 ನಿಮಿಷ ಗೇಮ್ ಓಡಿಸಿ, ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಬೆಚ್ಚಗಿರುವಾಗಲೇ ಮೆಲ್ಲಗೆ ತಿರುಗಿಸಿ ಬಿಡಿಸಿ.

ಬಣ್ಣದ ಲೈಟು ಇಷ್ಟ ಅಂದ್ರೆ ತಗೊಳ್ಳಿ. ಆದ್ರೆ ಅಪ್ಪನ ಹತ್ರ ಅದನ್ನ "ಕೂಲಿಂಗ್" ಅನ್ಬೇಡಿ.