ಮನೆಯ ಮಾತು: ಬೀಗ ಬಿದ್ದ ಗಿಟಾರು

ಸೈದಾಪುರದ ಗೃಹಸ್ಥರೊಬ್ಬರ ಪತ್ರವು ಈ ತಿಂಗಳು ನಮ್ಮ ಕೈಸೇರಿದೆ. ಅವರ ಮಗನಿಗೆ ಹದಿನಾರು ವರ್ಷ. ಹುಡುಗನು ಮೊಬೈಲಿನಲ್ಲಿ ಹಗಲಿರುಳು ಹಳೆಯ ಇಂಗ್ಲಿಷ್ ರಾಕ್ ಸಂಗೀತವನ್ನು ಕೇಳುವನಂತೆ. ಕೂಡಿಟ್ಟ ಹಣದಿಂದ ಯಾರೋ ಬಳಸಿದ ಗಿಟಾರೊಂದನ್ನೂ ತಂದಿರುವನಂತೆ. ತಂದೆಯವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮಗನು ಅಂದಿನಿಂದ ಮಾತು ಬಿಟ್ಟನು. “ಏಕತಾರಿ ಹಿಡಿದು ತತ್ವಪದ ಹಾಡುವ ಮನೆತನ ನಮ್ಮದು, ಈ ಗದ್ದಲವು ನಮ್ಮ ಮನೆಗೆ ತಕ್ಕುದೇ?” ಎಂಬುದು ಅವರ ಪ್ರಶ್ನೆ.

ಈ ಗದ್ದಲದ ವಂಶಾವಳಿಯನ್ನು ಮೊದಲು ನೋಡೋಣ. ಅಮೇರಿಕದ ಮಿಸಿಸಿಪ್ಪಿ ಪ್ರಾಂತದಲ್ಲಿಯೂ, ತಮ್ಮ ಸೀಮೆಯಲ್ಲಿರುವಂತೆಯೇ, ಹತ್ತಿಯ ಹೊಲಗಳಿವೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು ಅಲ್ಲಿ ದುಡಿಯುತ್ತ ತಮ್ಮ ಅಳಲನ್ನು ಹಾಡಿಕೊಂಡ ಧಾಟಿಗೆ ‘ಬ್ಲೂಸ್’ ಎಂದು ಹೆಸರು. ಮಡ್ಡಿ ವಾಟರ್ಸ್ ಎಂಬ ಗಾಯಕನು ಅಂತಹ ಹೊಲಗಳಲ್ಲಿ ಕೂಲಿ ಮಾಡಿದವನು. 1943ರಲ್ಲಿ ಅವನು ರೈಲು ಹತ್ತಿ ಶಿಕಾಗೋ ನಗರವನ್ನು ಸೇರಿದನು. ಅಲ್ಲಿಯ ಗಲಭೆಯಲ್ಲಿ ಬರಿಯ ಮರದ ಗಿಟಾರಿನ ದನಿ ಸಾಲದೆ ವಿದ್ಯುತ್ ಗಿಟಾರನ್ನು ಹಿಡಿದನು. 1962ರಲ್ಲಿ ಲಂಡನ್ನಿನ ಕೆಲವು ತರುಣರು ಅವನ ಹಾಡೊಂದರಿಂದಲೇ ತಮ್ಮ ಮೇಳಕ್ಕೆ ‘ರೋಲಿಂಗ್ ಸ್ಟೋನ್ಸ್’ ಎಂಬ ಹೆಸರನ್ನು ಪಡೆದರು. ಆ ಮೇಳವು 2003ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಹತ್ತಿ ಬಿಡಿಸುವವರ ಪದವು ನಮ್ಮ ನಾಡಿಗೆ ಬಂದ ದಾರಿಗಳಲ್ಲಿ ಇದೊಂದು. ಇಂತಹ ಪದವನ್ನು ತತ್ವಪದದ ಮನೆಯವರು ಪರಕೀಯವೆನ್ನುವುದು ನಮಗೆ ಸರಿದೋರದು.

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ತಾವೇ ಒಂದು ಪರೀಕ್ಷೆ ಮಾಡಿ ನೋಡಿರಿ. ಎರಡು ಕರಿಮನೆಗಳು ಜೊತೆಯಾಗಿರುವಲ್ಲಿ ಬಲಗಡೆಯದನ್ನು ಷಡ್ಜವೆಂದು ಹಿಡಿದು, ಬಿಳಿಮನೆಗಳನ್ನು ಮುಟ್ಟದೆ ಮೇಲಕ್ಕೆ ಹೋಗಿರಿ. ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ: ಇವು ಧಾನೀ ರಾಗದ ಸ್ವರಗಳು. ರಾಕ್ ಗಿಟಾರನ್ನು ಕಲಿಯುವವರು ಮೊದಮೊದಲೇ ಅಭ್ಯಾಸ ಮಾಡುವ ಸ್ವರಶ್ರೇಣಿಯೂ ಇದೇ. ನಡೆ ಮಾತ್ರ ಬೇರೆ. ಅವರು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಜಗ್ಗಿ ಸ್ವರವನ್ನು ಏರಿಸುವರು. ನಮ್ಮ ಮೀಂಡಿಗೆ ಅದು ದೂರದ ಬಂಧು.

ಕೇಳುವುದಕ್ಕೂ ಒಂದು ಕ್ರಮವುಂಟು. ಒಂದೇ ಹಾಡನ್ನು ಮೂರು ಸಲ ಕೇಳತಕ್ಕದ್ದು: ಮೊದಲು ಕಂಠವನ್ನು, ಆಮೇಲೆ ಮಂದ್ರದಲ್ಲಿ ನಡೆಯುವ ಬೇಸ್ ಗಿಟಾರನ್ನು, ಕೊನೆಗೆ ಡ್ರಮ್ಮಿನ ಪೆಟ್ಟನ್ನು. ಆಗ ಗದ್ದಲವು ತಾನೇ ಎಳೆಎಳೆಯಾಗಿ ಬಿಡಿಸಿಕೊಳ್ಳುವುದು. ಮೊದಲಿಗೆ ಬೀಟಲ್ಸ್ ಮೇಳದ ಮೆಲುದನಿಯ ಹಾಡುಗಳು ಸಾಕು. ಪಿಂಕ್ ಫ್ಲಾಯ್ಡ್ ಆಮೇಲೆ. ರಘು ದೀಕ್ಷಿತರ 2008ರ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಪದವೊಂದು ಗಿಟಾರಿನೊಡನೆ ಬಂದಿದೆ. ಅದನ್ನು ತಂದೆಮಕ್ಕಳಿಬ್ಬರೂ ಕೂಡಿಯೇ ಕೇಳಬಹುದು. ಆದರೆ ಇಯರ್‌ಫೋನಿನಲ್ಲಿ ಹೆಚ್ಚು ಸದ್ದು ಬೇಡ. ಕೇಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಅದು ಅಪಾಯದ ಸೂಚನೆ. ಕೆಟ್ಟ ಕಿವಿ ಮತ್ತೆ ಸರಿಹೋಗುವುದು ದುರ್ಲಭ.

ಇನ್ನು ಹುಡುಗನಿಗೆ. ಬಳಸಿದ ಗಿಟಾರಾದುದರಿಂದ ತಂತಿಗಳು ಕುತ್ತಿಗೆಯಿಂದ ಬಹಳ ಎತ್ತರದಲ್ಲಿವೆಯೇ ನೋಡಿಕೊ. ಇದ್ದರೆ ಬಲ್ಲವರಿಂದ ತಗ್ಗಿಸಿಕೊ. ಪ್ರತಿದಿನವೂ ಮೊದಲು ಶ್ರುತಿ, ಆಮೇಲೆ ವಾದನ. ‘ಇ ಮೈನರ್’ ಎಂಬ ಸ್ವರಮೇಳಕ್ಕೆ ಎರಡೇ ಬೆರಳು ಸಾಕು. ಅಲ್ಲಿಂದ ‘ಜಿ’ಗೆ, ‘ಡಿ’ಗೆ ಹೋಗುವುದನ್ನು ಕಾಲಿನಿಂದ ತಾಳ ಹಾಕುತ್ತ ಮೆಲ್ಲಗೆ ಸಾಧಿಸು. ತೋರುಬೆರಳೊಂದರಿಂದಲೇ ಆರು ತಂತಿಗಳನ್ನೊತ್ತುವ ‘ಎಫ್’ ಅನ್ನು ಕೆಲವು ತಿಂಗಳು ದೂರವಿಟ್ಟರೆ ನಷ್ಟವಿಲ್ಲ. ಬೆರಳ ತುದಿಗಳು ನೋಯುವುವು. ಕೆಲವು ವಾರಗಳಲ್ಲಿ ಚರ್ಮವು ಗಡುಸಾಗುವುದು.

ಓದು ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆ ಬಾರಿಸಲಿ. ಪರೀಕ್ಷೆ ಹತ್ತಿರ ಬಂದಾಗ ಅದನ್ನು ಕಾಲು ಗಂಟೆಗೆ ಇಳಿಸಲಿ. ಈ ಕರಾರನ್ನು ಇಬ್ಬರೂ ಕುಳಿತು ಮಾಡಿಕೊಳ್ಳತಕ್ಕದ್ದು. ಕಪಾಟು ಕಬ್ಬಿಣದ್ದಾದರೆ ಬೇಗನೆ ತೆರೆಯಿರಿ, ಯಾದಗಿರಿಯ ಬೇಸಗೆಯ ಕಾವಿಗೆ ಮರದ ಅಂಟು ಬಿಟ್ಟೀತು. ಬೀಗ ತೆಗೆದ ದಿನ ಮಗನೇ ಮೊದಲು ಮಾತಾಡಲೆಂದು ಕಾಯಬೇಡಿರಿ. ಏಕತಾರಿಯನ್ನು ಮುಂದಿಟ್ಟು, “ಇದರ ಶ್ರುತಿಗೆ ನಿನ್ನ ತಂತಿಯೊಂದನ್ನು ಹೊಂದಿಸು, ತಮ್ಮಾ” ಎಂದು ತಾವೇ ಕೇಳಿರಿ.