ಚೆಸ್ ಬೋರ್ಡಿಗಿಂತ ಮೊದಲು ಬೀಗದ ಕೈ

2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ಶೇ 42.43ರಷ್ಟು ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. ಹೀಗಿರುವಾಗ ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಚಿಂಚೋಳಿಯ ಸರ್ಕಾರಿ ಹೈಸ್ಕೂಲುಗಳಿಗೆ ಚೆಸ್ ಬೇಕು ಅಂದ್ರೆ ನಗ್ತೀರಿ. ಮೊದಲು ಮಾಸ್ತರನ್ನ ಕೊಡ್ರಿ ಅಂತೀರಿ. ಸರಿಯೇ.

ಚೆಸ್ ಆಡಿದ್ರೆ ಗಣಿತ ಸುಧಾರಿಸುತ್ತೆ ಅಂತ ನಾನೂ ನಂಬಿದ್ದೆ. ಎಂಜಿನಿಯರಿಂಗ್ ಓದಿದವನ ಚಟ. ಇಂಗ್ಲೆಂಡಿನ 100 ಶಾಲೆಗಳಲ್ಲಿ ಐದನೇ ತರಗತಿ ಮಕ್ಕಳ ಮೇಲೆ ನಡೆದ ಪ್ರಯೋಗದ 2016ರ ವರದಿ ಅದನ್ನು ಕೆಡವಿತು. ವರ್ಷದ ನಂತರ ಗಣಿತದ ಅಂಕಗಳಲ್ಲಿ ಚೆಸ್‌ನ ಪರಿಣಾಮವೇ ಕಾಣಲಿಲ್ಲ.

ಆದ್ರೂ ಕೇಳ್ತೀನಿ. ಸಿಮೆಂಟ್ ಫ್ಯಾಕ್ಟರಿ, ಫರ್ಸಿ ಕಲ್ಲಿನ ಗಣಿಗಳ ಪಕ್ಕ ಬೆಳೆಯೋ ಹದಿನೈದರ ಹುಡುಗ ಹುಡುಗಿಯರಿಗೆ ಸಂಜೆ ಕೂರೋಕೊಂದು ಜಾಗ, ಜಾತಿ ಕೇಳದ ಎದುರಾಳಿ ಸಿಕ್ಕರೆ ಸಣ್ಣದಲ್ಲ. 371ಜೆ ಬಂದು ದಶಕ ದಾಟಿತು. ಕೆಕೆಆರ್‌ಡಿಬಿ ದುಡ್ಡಲ್ಲಿ ಶಾಲಾ ಕೋಣೆಗಳು ಏಳ್ತವೆ. ಸಂಜೆ ಐದರ ಮೇಲೆ ಅವುಗಳ ಬೀಗ ತೆಗೆಯೋರು ಯಾರು?