ಅಡಿಕೆ ಮರಕ್ಕಿರುವ ನೆರಳು ಬಸ್ ಕಾಯುವವರಿಗಿಲ್ಲ

ಮಳೆ ಮುಗಿಯುತ್ತಿದ್ದಂತೆ ಪುತ್ತೂರು, ಸುಳ್ಯ, ಕಡಬ ಕಡೆಯ ತೋಟಗಳಲ್ಲಿ ಒಂದು ಕೆಲಸ ಶುರು. ಎಳೆ ಅಡಿಕೆ ಮರದ ಕಾಂಡಕ್ಕೆ ಸೋಗೆ ಕಟ್ಟುವುದು, ಇಲ್ಲವೇ ಸುಣ್ಣ ಬಳಿಯುವುದು. ಮುಖ್ಯವಾಗಿ ನೈಋತ್ಯದ ಬದಿಗೆ. ಮಧ್ಯಾಹ್ನ ಕಳೆದ ಮೇಲಿನ ಓರೆ ಬಿಸಿಲು ಅಲ್ಲಿಂದ ಹೊಡೆದು ಕಾಂಡ ಸುಡುತ್ತದೆ. ಹೊಸದಾಗಿ ಗಿಡ ನೆಡುವಾಗ ಸಾಲನ್ನು ದಕ್ಷಿಣದಿಂದ ಪಶ್ಚಿಮಕ್ಕೆ 35 ಡಿಗ್ರಿ ತಿರುಗಿಸಿ ಅಂತ ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಒಂದು ಮರದ ನೆರಳು ಇನ್ನೊಂದಕ್ಕೆ ಸಿಗಲಿ ಅಂತ.

ಇಷ್ಟೆಲ್ಲ ಗೊತ್ತಿರುವ ಊರಲ್ಲಿ ಬಸ್ ತಂಗುದಾಣ ನೋಡಿ, ಮಾರಾಯ್ರೆ.

ಪುತ್ತೂರು–ಸುಳ್ಯ ಹೆದ್ದಾರಿ, ತಿರುವುಗಳನ್ನು ಬಿಟ್ಟರೆ, ವಾಯವ್ಯದಿಂದ ಆಗ್ನೇಯಕ್ಕೆ ಸಾಗುತ್ತದೆ. ಬಸ್ ಹತ್ತುವುದು ರಸ್ತೆಯ ಎಡಬದಿಯಲ್ಲಿ. ಹಾಗಾಗಿ ಸುಳ್ಯದ ಕಡೆ ಹೋಗುವವರ ತಂಗುದಾಣ ಹೆಚ್ಚುಕಮ್ಮಿ ನೈಋತ್ಯಕ್ಕೇ ಬಾಯಿ ತೆರೆದಿರುತ್ತದೆ, ಎದುರಿನದು ಈಶಾನ್ಯಕ್ಕೆ. ಎರಡಕ್ಕೂ ಒಂದೇ ನಕ್ಷೆ ಹಾಕಿದರೆ ಅದು ಕಾಪಿ-ಪೇಸ್ಟ್ ಕೋಡ್ ಅಷ್ಟೇ.

ಕುಳಿತು ಲೆಕ್ಕ ಹಾಕಿದೆ. ಜನವರಿ ಮಧ್ಯದಲ್ಲಿ ಸಂಜೆ 4 ಗಂಟೆಗೆ ಇಲ್ಲಿ ಸೂರ್ಯ ನೈಋತ್ಯದಲ್ಲಿ, ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. 10 ಅಡಿ ಎತ್ತರದ ಮಾಡಿನ ಕೆಳಗೆ ಬಿಸಿಲು 17 ಅಡಿ ಒಳಕ್ಕೆ ಬರುತ್ತದೆ. ಅಷ್ಟು ಆಳದ ತಂಗುದಾಣ ನಾನಂತೂ ಕಂಡಿಲ್ಲ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬಂದು ಕಂಬದ ನೆರಳೂ ಮಾಯವಾಗುತ್ತದಲ್ಲ, ಆಗ ಮಾತ್ರ ಈ ಮಾಡು ಚೆನ್ನಾಗೇ ಕೆಲಸ ಮಾಡುತ್ತದೆ!

ಹೀಗಾಗಿ ಸಂಜೆ ಜನ ತಂಗುದಾಣದ ಹಿಂದೆ ಹೋಗಿ ನಿಲ್ಲುತ್ತಾರೆ, ಬಸ್ ಕಂಡರೆ ಓಡುತ್ತಾರೆ. ನಾನು ಓಡಬಲ್ಲೆ. ಆಸ್ಪತ್ರೆಗೆ ಬಂದು ಹೋಗುವ ಮಂಡಿನೋವಿನ ಅಜ್ಜಿ ಬಿಸಿಲಲ್ಲೇ ಕೂರಬೇಕು, ಇಲ್ಲಾಂದ್ರೆ ಬಸ್ ಬಿಡಬೇಕು. ಒಳದಾರಿಯ ಊರಾದರೆ ಮುಂದಿನ ಬಸ್ ಒಂದು ಗಂಟೆಯ ಮೇಲೆ.

ದೊಡ್ಡ ಖರ್ಚೇನೂ ಬೇಡ. ತಂಗುದಾಣದಲ್ಲಿ ಕೂತವರಿಗೆ ಬಸ್ ಬರುವುದು ಬಲಗಡೆಯಿಂದ. ಮುಂಭಾಗದ ಎಡ ಅರ್ಧಕ್ಕೆ ಪಟ್ಟಿಪಟ್ಟಿಯ ಜಾಲರಿ ಹಾಕಿದರೂ ಬಸ್ ಕಾಣುತ್ತದೆ, ಗಾಳಿಯೂ ಆಡುತ್ತದೆ. ಜೂನ್‌ನ ಎರಚಲು ಮಳೆ ಬರುವುದೂ ಹೆಚ್ಚಾಗಿ ಅದೇ ದಿಕ್ಕಿನಿಂದ, ಅದಕ್ಕೂ ಆಯ್ತು. ಮಳೆಗಾಲಕ್ಕೆ ಚಾವಡಿಗೆ ತಟ್ಟಿ ಕಟ್ಟುತ್ತಿದ್ದ ನಮ್ಮ ಅಜ್ಜಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂದಿನ ಸಲ ಬಸ್ ಕಾಯುವಾಗ ಫೋನಿನ ಕಂಪಾಸ್ ತೆರೆದು ರಸ್ತೆಯ ಕಡೆ ಹಿಡಿಯಿರಿ. 225ರ ಹತ್ತಿರ ತೋರಿಸಿದರೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟು, ಗ್ರಾಮಸಭೆಗೆ ಹೋದಾಗ ತೋರಿಸಿ.